ಫಲಾನುಭವಿ

ಕಳೆದ ಜನವರಿಯ ಒಂದು ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ. ಬೀಜಾಡಿಯಲ್ಲಿ ವಿದೇಶಿ ನೆರವಿನಿಂದ ಕಟ್ಟಿದ, ಮೀನು ಒಣಗಿಸುವ ಅಂಗಳ. ನೆರವು ಕೊಟ್ಟ ದೇಶದ ಅಧಿಕಾರಿ, ಮೀನು ಮಾರುವ ಹೆಂಗಸರು, ಇಬ್ಬರ ಮಾತನ್ನೂ ತಿಳಿಸಿಕೊಡಲು ನಿವೃತ್ತ ಮೇಷ್ಟ್ರಾದ ನಾನು.

ಫಲಾನುಭವಿಗಳಿಗೆ ತೃಪ್ತಿಯಾಗಿದೆಯೇ ಎಂಬ ಅಧಿಕಾರಿಯ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದೆ.

“ಹ್ವಾಯ್ ಮಾಷ್ಟ್ರೇ, ಫಲ ಕಟ್ದವ್ರಿಗೆ, ಅನುಭವ ನಮ್ಗೆ! ನಲ್ಲಿಯಗೆ ನೀರೇ ಬತ್ತಿಲ್ಲ, ಹೇಳಿ ಅವ್ರಿಗೆ,” ಎಂದಳು ಒಬ್ಬಾಕೆ. ಎಲ್ಲರೂ ನಕ್ಕರು.

ಅಧಿಕಾರಿ ನನ್ನ ಮುಖ ನೋಡಿದರು. ನೀರಿಲ್ಲ ಎಂದು ತಿಳಿಸಿದೆ, ನಗೆಯನ್ನು ದಾಟಿಸಲಾಗಲಿಲ್ಲ. ನಮ್ಮ ಯೋಜನೆ ಮುಗಿದಿದೆ, ನೀರು ನಿಮ್ಮ ಸರ್ಕಾರದ ಕೆಲಸ ಎಂದರು. ಅದನ್ನು ಕನ್ನಡದಲ್ಲಿ ಹೇಳಬೇಕಾದವನು ನಾನೇ. ಹೆಂಗಸರು ಬೆನ್ನು ತಿರುಗಿಸಿದ್ದೂ ನನಗೇ.

ಕಾರು ಹೋದ ಮೇಲೆ ಕುರ್ಚಿಗಳನ್ನು ಒಬ್ಬನೇ ಮಡಿಸಿ ಒಳಗಿಟ್ಟೆ.