ಒಂಟೆ ಚರ್ಮ ಕುಡಿದ ನೀರು

ಕನೌಜಿನಲ್ಲಿ ಅತ್ತರಿನ ಮೇಲೆ ಭಾಷಣ ಬಿಗಿಯುವವರಿಗೆ ಬರವಿಲ್ಲ. ಅತ್ತರು ಇಳಿಸಬಲ್ಲವರು ಮಾತ್ರ ಬೆರಳೆಣಿಕೆಯಷ್ಟು. ಅವರಲ್ಲೊಬ್ಬ ಪುತ್ತೂಲಾಲ್, ಲಾಲಾ ಬನವಾರಿಯ ಭಟ್ಟಿಯ ಮುಂದೆ ನಲವತ್ತು ವರ್ಷ ಕೂತವನು. ತಾಮ್ರದ ಹಂಡೆಯಲ್ಲಿ ಗುಲಾಬಿ ಬೆಂದು, ಅದರ ಆವಿ ಬಿದಿರಿನ ಕೊಳವೆ ಹಿಡಿದು ಗಂಧದೆಣ್ಣೆಯ ಪಾತ್ರೆಗೆ ಇಳಿಯುತ್ತದೆ. ತೊಟ್ಟಿಯ ನೀರಲ್ಲಿ ಮುಳುಗಿರುವ ಆ ಪಾತ್ರೆಯ ಹೊಟ್ಟೆ ಸವರಿ, ಒಳಗೆ ಎಷ್ಟು ಇಳಿದಿದೆಯೆಂದು ಪುತ್ತೂಲಾಲನ ಅಂಗೈ ಹೇಳುತ್ತಿತ್ತು. ಒಮ್ಮೆಯೂ ತಪ್ಪಿದ್ದಿಲ್ಲ. ಆ ಅಂಗೈಗೆ ಪ್ರಮಾಣಪತ್ರ ಇರಲಿಲ್ಲ. ಅದೇ ಅದರ ಅಪರಾಧ.

ಪ್ರಮಾಣಪತ್ರ ಇದ್ದದ್ದು ಲಾಲಾನ ಅಳಿಯ ನಿಶೀಥನಿಗೆ. ಚೈತ್ರದ ಗುಲಾಬಿ ಮುಗಿಯುತ್ತಿದ್ದಾಗ ಆತ ಭಟ್ಟಿಗೆ ಬಂದ. ಪಾತ್ರೆಯ ತಳದಿಂದ ನೀರು ಬಸಿದ ಪುತ್ತೂಲಾಲ್ ಅತ್ತರನ್ನು ಒಂಟೆ ಚರ್ಮದ ಕುಪ್ಪಿಗೆ ತುಂಬುತ್ತಿದ್ದ. ಅಳಿಯ ಮೂಗು ಮುಚ್ಚಿಕೊಂಡ.

"ಈ ಕಾಲದಲ್ಲೂ ಚರ್ಮವಾ? ಛೀ! ಗಾಜಿನ ಬಾಟಲಿಗೆ ಹಾಕಿ, ಬಿರಡೆ ಬಿಗಿ."

"ಒಳಗೆ ಇನ್ನೂ ನೀರು ಐತೆ, ಕುಂವರ್‌ಜಿ."

"ಈಗಷ್ಟೇ ಬಸಿದೆಯಲ್ಲ! ಎಣ್ಣೆ, ನೀರು ಸೇರಲ್ಲ ಅಂತ ಐದನೇ ಕ್ಲಾಸಿನ ಮಗೂಗೂ ಗೊತ್ತು."

"ಮಗೂಗೆ ಅಷ್ಟೇ ಗೊತ್ತು. ಬೆಚ್ಚಗಿರೋ ಎಣ್ಣೇಲಿ ಚೂರುಪಾರು ನೀರು ಬಚ್ಚಿಟ್ಕೊಂಡಿರತ್ತೆ. ನೀರಿಗೆ ನೀರಿನ ಮೇಲೇ ಪ್ರಾಣ. ಚಳಿ ಬೀಳ್ಲಿ, ಒಂದನ್ನೊಂದು ಹುಡುಕ್ಕೊಂಡು ಹೊರಗೆ ಬರತ್ತೆ."

"ಇಳಿಸೋದು ನಿನ್ನ ಕೆಲಸ ಕಾಕಾ, ಪಾಠ ಹೇಳೋದಲ್ಲ."

ಚರ್ಮದ ಕುಪ್ಪಿಗಳು ಕಟ್ಟಿಗೆಯ ಕೊಟ್ಟಿಗೆ ಸೇರಿದವು. ಅತ್ತರು ಬಾಟಲಿ ಸೇರಿತು, ಬಾಟಲಿಯ ಮೇಲೆ ಅಳಿಯನ ಆಯ್ಕೆಯ ಬಂಗಾರ ಬಣ್ಣದ ಚೀಟಿ ಕೂತಿತು. ಚೀಟಿ ಅಂಟಿಸಲು ವಿದ್ಯೆ ಬೇಕು ನೋಡಿ!

ಮಾರ್ಗಶಿರದ ಮಂಜು ಇಳಿಯಿತು. ಲಖನೌದ ವ್ಯಾಪಾರಿ ಮದುವೆ ಹಂಗಾಮಿಗೆಂದು ಒಯ್ದಿದ್ದ ಬಾಟಲಿಗಳನ್ನೆಲ್ಲ ತಂದು ಲಾಲಾನ ಎದುರಿಟ್ಟ. ಅತ್ತರು ಅಕ್ಕಿ ತೊಳೆದ ನೀರಿನಂತೆ ಕದಡಿತ್ತು. ಲಾಲಾ ಅಳಿಯನ ಮುಖ ನೋಡಿದ, ಬೈದದ್ದು ಪುತ್ತೂಲಾಲನನ್ನು. ಮಗಳ ಗಂಡನನ್ನು ಯಾರು ಬೈಯುತ್ತಾರೆ?

"ನಿನ್ನ ಕೈಗೆ ವಯಸ್ಸಾಯ್ತು ಪುತ್ತೂ. ನೀರು ಸರಿಯಾಗಿ ಬಸಿದಿಲ್ಲ. ಹೋಳಿ ಆದ್ಮೇಲೆ ಭಟ್ಟೀಗೆ ಬೇರೆಯವನು ಬರ್ತಾನೆ."

"ಕಳಿಸಿ ಲಾಲಾಜಿ, ಹೋಗ್ತೀನಿ. ಕೈ ಕೆಟ್ಟಿದೆ ಅನ್ನೋ ಹೆಸರು ಹೊತ್ಕೊಂಡು ಮಾತ್ರ ಹೋಗಲ್ಲ. ಇದರಲ್ಲೇ ಒಂದು ಬಾಟಲಿ ಕೊಡಿ, ಒಂದು ಕುಪ್ಪಿ ಕೊಡಿ, ಇಪ್ಪತ್ತು ದಿನ ಕೊಡಿ."

ಕದಡಿದ ಅತ್ತರನ್ನು ಕುಪ್ಪಿಗೆ ಸುರಿದು, ಭಟ್ಟಿಯ ಬೆಚ್ಚನೆ ಗೋಡೆಗೆ ನೇತುಹಾಕಿದ. ಚರ್ಮದ ಎಳೆಗೂ ನೀರಿಗೂ ಹಳೆಯ ನಂಟು. ಎಳೆ ನೀರನ್ನು ಹಿಡಿದೆಳೆಯುತ್ತದೆ, ನೀರು ಅದರ ಮೈಯಲ್ಲಿ ತೆವಳಿ ಹೊರಬಂದು ಗಾಳಿಗೆ ಆರುತ್ತದೆ. ಎಣ್ಣೆಗೆ ಆ ನಂಟಿಲ್ಲ, ಒಳಗೇ ಉಳಿಯುತ್ತದೆ. ಗಾಜಿಗೆ ಎಳೆಯೂ ಇಲ್ಲ, ದಾರಿಯೂ ಇಲ್ಲ. ಬಿರಡೆ ಬಿಗಿದ ಮೇಲೆ ನೀರು ಹೋಗಬೇಕಾದರೂ ಎಲ್ಲಿಗೆ? ಇಷ್ಟು ತಿಳಿಯಲು ಕಾಲೇಜು ಕಟ್ಟಬೇಕೆ?

ಇಪ್ಪತ್ತೊಂದನೆಯ ದಿನ ಕುಪ್ಪಿಯ ಅತ್ತರನ್ನು ಗಾಜಿಗೆ ಬಗ್ಗಿಸಿ, ಕದಡಿದ ಇನ್ನೊಂದು ಬಾಟಲಿಯ ಪಕ್ಕ ಅಂಗಳದ ಚಳಿಯಲ್ಲಿಟ್ಟ. ಮಂಜು ಕರಗುವ ಹೊತ್ತಿಗೆ ಲಾಲಾ ಬಂದ. ಬಾಟಲಿಯದು ಮಜ್ಜಿಗೆ, ಕುಪ್ಪಿಯದು ತಿಳಿಜೇನು.

"ಎಲ್ಲಾನೂ ಕುಪ್ಪಿಗೆ ಹಾಕು. ಹೋಳಿ ಆದ್ಮೇಲೆ ನೀನೇ ಕೂತ್ಕೋ" ಎಂದ. ತಪ್ಪಾಯಿತೆಂಬ ಮಾತು ಅವನ ಗಂಟಲಿಗೆ ಬರಲೇ ಇಲ್ಲ.

ಫಾಲ್ಗುಣದಲ್ಲಿ ಊರಿನ ಸಭಾಭವನದಲ್ಲಿ ನಿಶೀಥ ಅದೇ ಕುಪ್ಪಿಯನ್ನು ಎತ್ತಿ ಹಿಡಿದು, ನೀರಿನ ಅಣುಗಳ ಪರಸ್ಪರ ಸೆಳೆತದ ಮೇಲೆ ಮುಕ್ಕಾಲು ಗಂಟೆ ಮಾತಾಡಿದ. ಮೂಗು ಮುಚ್ಚಿಕೊಳ್ಳಲಿಲ್ಲ. ಅವನಿಗೆ ಶಾಲು ಹೊದಿಸಿದರು. ಕುಪ್ಪಿಯನ್ನು ವೇದಿಕೆಗೆ ತಂದಿಟ್ಟ ಪುತ್ತೂಲಾಲನಿಗೆ ಕುರ್ಚಿಯೂ ಸಿಗಲಿಲ್ಲ.

ಚೈತ್ರ ಬಂತು. ಪುತ್ತೂಲಾಲ್ ತೊಟ್ಟಿಗೆ ಕೈಯಿಳಿಸಿ ಪಾತ್ರೆ ಸವರುತ್ತಿದ್ದ. ನಿಶೀಥ ನಾಲ್ಕು ಜನ ಅತಿಥಿಗಳನ್ನು ಕರೆತಂದ.

"ಕಾಕಾ, ಒಳಗೆಷ್ಟು ಇಳಿದಿದೆ ಅಂತ ಹೇಗೆ ಗೊತ್ತಾಗತ್ತೆ? ಇವರಿಗೆ ಸ್ವಲ್ಪ ಹೇಳು."

"ಐದನೇ ಕ್ಲಾಸಿನ ಪುಸ್ತಕದಲ್ಲಿ ಇಲ್ವಾ, ಕುಂವರ್‌ಜಿ?" ಎಂದ ಪುತ್ತೂಲಾಲ್, ತೊಟ್ಟಿಯಿಂದ ಕೈ ತೆಗೆಯದೆ.