ಬಯೋಡಾಟಾದ ಎರಡನೆಯ ಹಾಳೆ

ನರ್ಸಿಂಗ್ ಕೌನ್ಸಿಲ್‌ನಿಂದ ನನ್ನ ನೋಂದಣಿ ಸಂಖ್ಯೆ ಬಂದ ದಿನ, ಕೆಂಭಾವಿಯ ನಮ್ಮ ಮನೆಯ ಅಂಗಳದಲ್ಲಿ ಫೋನು ಹಿಡಿದುಕೊಂಡು ಕುಣಿದೆ. ಪಕ್ಕದ ಮನೆಯವರು ಹಾವು ಬಂದಿದೆ ಎಂದುಕೊಂಡು ಕೋಲು ತೆಗೆದುಕೊಂಡು ಓಡಿ ಬಂದರು. ಅದೇ ವಾರ ಗೆಳತಿಯೊಬ್ಬಳು ಸುದ್ದಿ ಕೊಟ್ಟಳು: ಯಾದಗಿರಿಯ ಒಂದು ಖಾಸಗಿ ಆಸ್ಪತ್ರೆಗೆ ಎಳೆ ಕೂಸುಗಳ ವಾರ್ಡಿನಲ್ಲಿ ಒಬ್ಬ ನರ್ಸ್ ಬೇಕಂತೆ. ಒಬ್ಬಳೇ ಒಬ್ಬಳು. ಅರ್ಜಿ, ಬಯೋಡಾಟಾ ಹಿಡಿದು ಸೋಮವಾರ ಖುದ್ದಾಗಿ ಬರಬೇಕು, ಅನುಭವ ಇದ್ದವರಿಗೆ ಮೊದಲ ಆದ್ಯತೆ. ನನ್ನ ಹತ್ತಿರ ಅನುಭವ ಅಂತ ಇದ್ದದ್ದು ಓದುವಾಗಿನ ಪೋಸ್ಟಿಂಗ್, ಅಂದರೆ ವಾರ್ಡುಗಳಲ್ಲಿ ಮಾಡಿದ ತರಬೇತಿ ಮಾತ್ರ. ಆದರೂ ಆ ಕೆಲಸ ನನಗೇ ಬೇಕು ಎಂದು ಮನಸ್ಸು ಹಟ ಹಿಡಿದು ಕೂತಿತು. ಬೇರೆ ವಾರ್ಡು ಬೇಡ, ಬೇರೆ ಊರೂ ಬೇಡ. ನಮ್ಮ ಮಾತು ಆಡುವ ತಾಯಂದಿರ ನಡುವೆ, ಅಂಗೈ ಅಗಲದ ಕೂಸುಗಳ ಜೊತೆ ಇರಬೇಕಿತ್ತು ನನಗೆ.

ಅರ್ಜಿ ಬರೆಯುವುದು ಸುಲಭ ಎಂದುಕೊಂಡಿದ್ದೆ. ನಮ್ಮ ಕ್ಲಾಸಿನ ಗ್ರೂಪಿನಲ್ಲಿ ಸೀನಿಯರ್ ಒಬ್ಬರು ಹಾಕಿದ ಇಂಗ್ಲಿಷ್ ಮಾದರಿ ಇತ್ತು. ‘ನಾನು ಕ್ರಿಯಾಶೀಲಳು, ಶ್ರಮಜೀವಿ, ಒತ್ತಡದಲ್ಲೂ ಕೆಲಸ ಮಾಡಬಲ್ಲೆ’ ಎಂಬ ಅರ್ಥದ ನಾಲ್ಕಾರು ದೊಡ್ಡ ದೊಡ್ಡ ವಾಕ್ಯಗಳು. ಚೆಂದವಾಗಿ ಇಳಿಸಿಕೊಂಡೆ. ಆಮೇಲೆ ನೋಡಿದರೆ ನಮ್ಮ ಕ್ಲಾಸಿನ ಎಲ್ಲರೂ ಅದನ್ನೇ ಇಳಿಸಿಕೊಂಡಿದ್ದರು, ಸೀನಿಯರ್ ಮಾಡಿದ್ದ ಕಾಗುಣಿತದ ತಪ್ಪಿನ ಸಮೇತ. ನನಗೆ ಸಿಟ್ಟು ನೆತ್ತಿಗೇರಿತು. ಹಾಳೆ ಹರಿದು ಹಾಕಿ, ನಾನು ಕಂಡದ್ದನ್ನೇ ನನ್ನ ಮುರುಕು ಇಂಗ್ಲಿಷಿನಲ್ಲಿ ಬರೆದೆ.

ಕಂಡದ್ದು ಇಷ್ಟು. ಪೋಸ್ಟಿಂಗ್‌ನಲ್ಲಿದ್ದಾಗ ತೂಕ ಕಡಿಮೆ ಇದ್ದ ಒಂದು ಕೂಸು ಬಂದಿತ್ತು. ಅದನ್ನು ಬರಿಮೈಯಲ್ಲಿ ತಾಯಿಯ ಎದೆಗೆ ಒರಗಿಸಿ ಬೆಚ್ಚಗೆ ಇಡಬೇಕು. ಕಾಂಗರೂ ಆರೈಕೆ ಎನ್ನುತ್ತಾರೆ ಅದಕ್ಕೆ. ಕೂಸಿನ ಅಜ್ಜಿ ಮಾತ್ರ ಕುಂಚಿಗೆ ಬಿಚ್ಚಲು ಬಿಡಲಿಲ್ಲ. ತಲೆಯಿಂದ ಬೆನ್ನಿನವರೆಗೆ ಇಳಿಬೀಳುವ ಆ ಹೊಲಿದ ಬಟ್ಟೆ ಇಲ್ಲದೆ ನಮ್ಮ ಕಡೆ ಕೂಸು ಹೊರಗಿನ ಗಾಳಿ ಕಾಣುವುದಿಲ್ಲ. ಕಾಂಗರೂ ಅಂದರೆ ಎಂಥ ದೇವರು ಎಂದು ಆಕೆ ಕೇಳಿದರು. ‘ತಾಯಿ ಎದೀನಽ ಕೂಸಿನ ಕುಂಚಿಗಿ ಅದ ರೀ ಆಯಿ’ ಎಂದೆ ನಾನು. ಆಕೆ ತಾವೇ ಗಂಟು ಬಿಚ್ಚಿದರು. ಇದನ್ನೆಲ್ಲ ಅರ್ಜಿಯಲ್ಲಿ ಬರೆದೆ. ಕುಂಚಿಗಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ಗೊತ್ತಿರಲಿಲ್ಲ, ಇಂಗ್ಲಿಷ್ ಅಕ್ಷರದಲ್ಲಿ ಕುಂಚಿಗಿ ಎಂದೇ ಇಟ್ಟೆ.

ಸೋಮವಾರ ಬೆಳಿಗ್ಗೆ ಅವ್ವ ಶಾಲೆಯ ಬಿಸಿಯೂಟದ ಕೆಲಸಕ್ಕೆ ರಜೆ ಹೇಳಿ, ಇಳಕಲ್ಲ ಸೀರೆ ಉಟ್ಟು ನನ್ನ ಜೊತೆ ಹೊರಟಳು. ಬೇಡವೆಂದರೂ ಕೇಳಲಿಲ್ಲ. ಶಹಾಪುರದಲ್ಲಿ ಬಸ್ಸು ಬದಲಿಸುವ ಹೊತ್ತಿಗೆ ಬಯೋಡಾಟಾ ಟೈಪು ಮಾಡಿಸಿದರಾಯಿತೆಂದು ನಿಲ್ದಾಣದ ಎದುರಿನ ಝರಾಕ್ಸ್ ಅಂಗಡಿಗೆ ಹೋದೆವು. ಅಂಗಡಿಯವನು ನನ್ನನ್ನು ನೋಡಿದ, ಅವ್ವನ ಸೀರೆಯನ್ನೂ ನೋಡಿದ.

‘ಬಯೋಡಾಟಾ ಮಾಡಬೇಕಿತ್ರಿ’ ಎಂದೆ.

‘ಮಾಡೂಣಲ್ಲ. ಮೊದಲ ಒಳಗ ಹೋಗಿ ಫೋಟೊ ತೆಗಿಸ್ರಿ. ಅಕ್ಕಾರ, ನೀವು ಇಲ್ಲಿ ಕುಂದರ್ರಿ’ ಎಂದ.

ಮಾರ್ಕ್ಸ್ ಕಾರ್ಡುಗಳನ್ನು ಅವನ ಮುಂದಿಟ್ಟು ಒಳಗೆ ಹೋದೆ. ಫೋಟೊ ಮುಗಿಸಿ ಬಂದು ಕಂಪ್ಯೂಟರ್ ನೋಡಿದೆ. ಮೇಲೆ ಗಣಪತಿ, ಸುತ್ತ ಹೂವಿನ ಬಳ್ಳಿ. ಕೆಳಗೆ ನನ್ನ ರಾಶಿ, ನಕ್ಷತ್ರ, ಎತ್ತರ, ಮೈಬಣ್ಣ ಗೋಧಿ. ನನ್ನ ನರ್ಸಿಂಗ್ ಓದು ಮನೆದೇವರ ಕೆಳಗೆ ಒಂದು ಸಾಲಿನಲ್ಲಿ ಮುದುಡಿ ಕೂತಿತ್ತು.

‘ಏನ್ರಿ ಇದು? ನಾ ನೌಕರಿಗೆ ಹೊಂಟೀನಿ!’

‘ನನಗೇನ ಗೊತ್ತವಾ? ತಾಯಿ, ಮಗಳು ಕೂಡಿ ಬಯೋಡಾಟಾ ಅಂತ ಬಂದ್ರ ಮದವೀದಽ ಇರತದ.’

ನಾನು ಅವ್ವನ ಕಡೆ ತಿರುಗಿದೆ. ಅವ್ವ ಒಂದಿಷ್ಟೂ ಅಳುಕಲಿಲ್ಲ. ‘ಆತ ಕೇಳಿದ, ನಾ ಹೇಳ್ದೆ. ಕೂಸಿನ್ನ ಎತ್ತಾಕ ಎತ್ತರ, ಬಣ್ಣ ಎಲ್ಲಾ ನೋಡತಾರೇನೋ ಅನಕೊಂಡೆ. ದವಾಖಾನಿ ರೀತಿ ನನಗೇನ್ ಗೊತ್ತು?’

ನಗಬೇಕೋ ಕೂಗಾಡಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಅಂಗಡಿಯವನು ಪಟಪಟನೆ ಗಣಪತಿಯನ್ನು ತೆಗೆದ, ರಾಶಿ ತೆಗೆದ, ಓದನ್ನು ಮೇಲಕ್ಕೆ ತಂದ. ಅಷ್ಟರಲ್ಲಿ ಯಾದಗಿರಿ ಬಸ್ಸು ಹಾರ್ನ್ ಹೊಡೆಯತೊಡಗಿತು. ಮೇಲಿನ ಹಾಳೆಯ ಮೇಲೆ ಕಣ್ಣಾಡಿಸಿ, ಅವನು ಪಿನ್ ಹೊಡೆದು ಕೊಟ್ಟದ್ದನ್ನು ಫೈಲಿಗೆ ತುರುಕಿ ಓಡಿದೆ. ಹೊಟ್ಟೆಯಲ್ಲಿ ಭಯವಿರಬೇಕಿತ್ತು. ಇದ್ದದ್ದು ಬರೀ ಖುಷಿ. ದಾರಿಯುದ್ದಕ್ಕೂ ಅವ್ವನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದೆನೆಂದರೆ ‘ಬಳಿ ಒಡೀತಾವ, ಬಿಡು’ ಎಂದು ಬೈಸಿಕೊಂಡೆ.

ಆಸ್ಪತ್ರೆಯಲ್ಲಿ ನನಗಿಂತ ಮೊದಲು ಬಂದವರು ಬೆಂಚಿನ ತುಂಬ ಕೂತಿದ್ದರು. ಪಕ್ಕದವಳು ಕಲಬುರ್ಗಿಯಲ್ಲಿ ಇಂಥದ್ದೇ ವಾರ್ಡಿನಲ್ಲಿ ದುಡಿದು ಬಂದವಳು. ಅವಳ ಫೈಲು ದಪ್ಪಗಿತ್ತು. ನನ್ನದನ್ನು ಸೆರಗಿನಡಿ ಬಚ್ಚಿಡೋಣವೆಂದರೆ ನಾನು ಹಾಕಿದ್ದು ಚೂಡಿದಾರ.

ನನ್ನ ಸರದಿ ಬಂದಾಗ ಅವ್ವನನ್ನು ಹೊರಗೆ ಬಿಟ್ಟು ಹೋದೆ. ಒಳಗಿದ್ದವರು ಮೇಟ್ರನ್, ಅಂದರೆ ನರ್ಸುಗಳಿಗೆಲ್ಲ ಹಿರಿಯರು. ಬಯೋಡಾಟಾದ ಮೊದಲ ಹಾಳೆ ನೋಡಿ ತಲೆಯಾಡಿಸಿದರು. ಎರಡನೆಯದು ತಿರುಗಿಸಿದವರು ಹುಬ್ಬೇರಿಸಿದರು.

‘ಏನವಾ ಇದು? ನಿರೀಕ್ಷೆ ಅಂತ ಬರದೀದಿ. ಗೌರ್ಮೆಂಟ್ ನೌಕರಿ ಇರಬೇಕು, ಕುಟುಂಬ ಸಣ್ಣದಿರಬೇಕು, ಯಾವ ಚಟಾನೂ ಇರಬಾರದು?’

ಕಿವಿ ಕೆಂಡವಾಯಿತು. ಅಂಗಡಿಯವನು ಯಾರದೋ ಮದುವೆಯ ಬಯೋಡಾಟಾದಲ್ಲಿದ್ದ ಕೊನೆಯ ಸಾಲುಗಳನ್ನು ನನ್ನ ಎರಡನೆಯ ಹಾಳೆಯಲ್ಲಿ ಉಳಿಸಿಬಿಟ್ಟಿದ್ದ.

ಮೇಟ್ರನ್ ಮುಖ ಗಂಭೀರವಾಗಿಯೇ ಇತ್ತು. ‘ನಮ್ಮದು ಪ್ರೈವೇಟ್ ದವಾಖಾನಿ. ಗೌರ್ಮೆಂಟ್ ನೌಕರಿ ನಮಗೆಲ್ಲಿದು? ಕುಟುಂಬ ಅಂದ್ರ ಡಾಕ್ಟರ್, ಆಯಾ, ವಾಚ್‌ಮನ್ ಎಲ್ಲಾರೂ ಕೂಡಿ ದೊಡ್ಡದದ. ಚಟಾನೂ ಒಂದ ಅದ, ಚಾದ್ದು. ನಡೀತದೇನು?’

‘ಚಾ ನಡೀತದ್ರಿ ಮೇಡಂ’ ಎಂದುಬಿಟ್ಟೆ. ನನ್ನ ಬಾಯಿ ಯಾವತ್ತೂ ನನ್ನ ಬುದ್ಧಿಗಾಗಿ ಕಾದದ್ದಿಲ್ಲ.

ಅವರು ನಕ್ಕರು. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನಾನು ಶಹಾಪುರದ ಕತೆಯನ್ನೆಲ್ಲ ಹೇಳಿದೆ. ನಗು ಮುಗಿದ ಮೇಲೆ ಕನ್ನಡಕ ಹಾಕಿಕೊಂಡು, ‘ಅದಿರಲಿ. ಹೊರಗ ಅನುಭವ ಇದ್ದಾಕಿ ಕುಂತಾಳ. ನಿನ್ನ ಯಾಕ ತಗೋಬೇಕು?’ ಎಂದರು.

‘ಅರ್ಜಿ ಓದ್ರಿ ಮೇಡಂ.’

ಓದಿದರು. ಒಂದು ಕಡೆ ಬೆರಳಿಟ್ಟು ಮತ್ತೊಮ್ಮೆ ಓದಿದರು. ‘ಕುಂಚಿಗಿ’ ಎಂದು ತಮ್ಮಷ್ಟಕ್ಕೇ ಅಂದುಕೊಂಡು ಎದ್ದರು. ‘ಬಾ. ಕೈ ತೊಳಕೊ, ಗೌನ್ ಹಾಕೊ.’

ವಾರ್ಡಿನ ಮೂಲೆಯ ಹಾಸಿಗೆಯಲ್ಲಿ ಎಳೆ ಬಾಣಂತಿಯೊಬ್ಬಳು ಕಣ್ಣು ಕೆಂಪು ಮಾಡಿಕೊಂಡು ಕೂತಿದ್ದಳು. ಪಕ್ಕದಲ್ಲಿ ಅವಳ ಅತ್ತೆ, ಮಡಿಲಲ್ಲಿ ಕುಂಚಿಗೆಯೊಳಗೆ ಮುಖ ಮಾತ್ರ ಕಾಣುವ ಕೂಸು. ಬೆಳಗಿನಿಂದ ಯಾರು ಹೇಳಿದರೂ ಆಕೆ ಕೂಸನ್ನು ಬಿಚ್ಚಲು ಕೊಟ್ಟಿಲ್ಲವೆಂದು ಮೇಟ್ರನ್ ಹೇಳಿ, ಬಾಗಿಲ ಹತ್ತಿರವೇ ನಿಂತರು. ನಾನು ಹತ್ತಿರ ಹೋಗಿ ಅದೇ ಕುಂಚಿಗೆಯ ಮಾತು ಹೇಳಿದೆ.

ಈ ಅತ್ತೆ ಬಗ್ಗಲಿಲ್ಲ. ‘ನಾ ಇಷ್ಟ್ ಮಕ್ಕಳನ್ನ ಹಡದು ಬೆಳಸೀನಿ. ನೀ ಒಂದರ ಹಡದೀಯೇನು?’

ನನ್ನ ಹತ್ತಿರ ಇದ್ದದ್ದು ಅದೊಂದೇ ಮಾತು. ಸಿಟ್ಟು ಮೂಗಿನ ತುದಿಗೆ ಬಂತು, ನುಂಗಿಕೊಂಡೆ. ಆಕೆಯ ಕಾಲ ಹತ್ತಿರ ಕೂತು, ‘ಇಲ್ಲರೀ ಆಯಿ, ಹಡದಿಲ್ಲ. ಅದಕ್ಕಽ ನಾ ಮುಟ್ಟಂಗಿಲ್ಲ. ನಾ ಹೇಳತೀನಿ, ನೀವು ನಿಮ್ಮ ಕೈಲೇ ಮಾಡ್ರಿ’ ಎಂದೆ.

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಹೋಗಿ ಕೈ ತೊಳೆದು ಬಂದರು. ಗಂಟು ಬಿಚ್ಚಿದರು, ಮೊಮ್ಮಗಳನ್ನು ಸೊಸೆಯ ಎದೆಗೆ ಒರಗಿಸಿದರು. ನಾನು ಹೇಳಿದಂತೆ ಕೂಸಿನ ಮುಖ ಒಂದು ಮಗ್ಗುಲಿಗೆ ತಿರುಗಿಸಿ, ತಲೆಗೆ ಟೊಪ್ಪಿಗೆ ಹಾಕಿ, ಬೆನ್ನ ಮೇಲೆ ಬಟ್ಟೆ ಹೊದಿಸಿದರು. ಕುಂಯ್‌ಗುಡುತ್ತಿದ್ದ ಕೂಸು ತೆಪ್ಪಗಾಯಿತು. ಸ್ವಲ್ಪ ಹೊತ್ತಿಗೆ ಬಾಯಿ ಚಪ್ಪರಿಸಿ ಹಾಲು ಹುಡುಕತೊಡಗಿತು. ಬಾಣಂತಿ ಅಳುತ್ತಲೇ ನಕ್ಕಳು. ನನಗೂ ಕಣ್ಣು ತುಂಬಿತು, ಯಾಕೆ ಬಂದಿದ್ದೇನೆ ಎಂಬುದೇ ಮರೆತುಹೋಗಿತ್ತು.

ಅತ್ತೆ ನನ್ನ ಹೆಗಲ ಮೇಲೆ ಕೈಯಿಟ್ಟರು. ‘ಇಲ್ಲಿ ನೌಕರಿಗಿ ಸೇರಿ ಎಷ್ಟ್ ದಿನ ಆತವಾ?’

ನಾನು ಬಾಗಿಲ ಕಡೆ ನೋಡಿದೆ.

‘ಇವತ್ತಽ ಸೇರ್ಯಾಳ್ರಿ’ ಎಂದರು ಮೇಟ್ರನ್.