ಹಕೀಮರ ಮನೆಯಲ್ಲಿ ಕೇಳಿದ ಮಾತು

ದೆವ್ವದ ಕತೆ ಹೇಳುವವರು ಸಿಕ್ಕರೆ ನನಗೆ ಸಿಟ್ಟಿಗಿಂತ ಹುರುಪೇ ಹೆಚ್ಚು. ವಿಜಾಪುರದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನು ನಾನು. ‘ನೀವೇ ಕಂಡಿರೋ, ಕಂಡವರಿಂದ ಕೇಳಿದಿರೋ?’ ಎಂದು ಒಂದು ಪ್ರಶ್ನೆ ಹಾಕಿದರೆ ಸಾಕು, ಬಹಳಷ್ಟು ಕತೆಗಳು ಅಲ್ಲಿಗೇ ಮುಗಿಯುತ್ತವೆ. ಅದೇ ಪ್ರಶ್ನೆಯನ್ನು ಓದುಗರು ಈಗ ನನಗೆ ಹಾಕಬಹುದು. ಕಂಡಿಲ್ಲ. ಕೇಳಿದ್ದೇನೆ, ನನ್ನ ಕಿವಿಯಿಂದಲೇ.

ನಮ್ಮ ಜಿಲ್ಲೆ ಮುಂಬಯಿಯಿಂದ ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ಬಹಳ ದಿನವಾಗಿರಲಿಲ್ಲ. ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ನನಗೆ ಮಾಸ್ತರಿಕೆ ಸಿಕ್ಕಿತು. ಪೇಟೆಯ ಹಿಂದಿನ ಓಣಿಯಲ್ಲಿ ‘ಹಕೀಮರ ಮನಿ’ ಎಂಬ ದೊಡ್ಡ ಹಳೆಯ ಮನೆ ಖಾಲಿ ಇತ್ತು. ಅದನ್ನು ಕಟ್ಟಿಸಿದ ಹಕೀಮರು ಯುನಾನಿ ಔಷಧಕ್ಕೆ ಹೆಸರಾದವರು. ಬಾಗೇವಾಡಿ, ನಿಡಗುಂದಿಗಳಿಂದ ಜನ ಚಕ್ಕಡಿ ಕಟ್ಟಿಕೊಂಡು ಬಂದು ಪಡಸಾಲೆ ತುಂಬುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಒಬ್ಬ ವಕೀಲರು ಬಾಡಿಗೆಗೆ ಬಂದು ಮುಪ್ಪಾಗುವವರೆಗೂ ಇದ್ದರು. ಆಮೇಲೆ ನಾಟಕ ಕಂಪನಿ ಬಿಟ್ಟು ಬಂದ ಪೇಟಿ ಮಾಸ್ತರರು. ಅವರ ಹಾರ್ಮೋನಿಯಂ ಕೇಳಲು ಸಂಜೆ ಓಣಿಯೆಲ್ಲ ಕಟ್ಟೆಗೆ ಸೇರುತ್ತಿತ್ತಂತೆ. ಆದರೆ ಅವರು ಒಂದು ಮಳೆಗಾಲವೂ ನಿಲ್ಲಲಿಲ್ಲ. ಅವರ ಬಳಿಕ ಬಂದವರೂ ನಿಲ್ಲಲಿಲ್ಲ. ಏಕೆಂದು ಕೇಳಿದರೆ ‘ಆ ಮನಿ ಇರಗೊಡಂಗಿಲ್ರಿ’ ಎನ್ನುವರು. ಅದಕ್ಕಿಂತ ಹೆಚ್ಚು ಯಾರೂ ಬಾಯಿ ಬಿಡರು.

ಹಕೀಮರ ಮೊಮ್ಮಗಳು ರಸೂಲಬಿ, ವಯಸ್ಸಾದ ವಿಧವೆ, ಎದುರಿನ ಸಣ್ಣ ಮನೆಯಲ್ಲಿದ್ದರು. ಈ ಸಲವೂ ಬಾಡಿಗೆಯವರು ನಿಲ್ಲದಿದ್ದರೆ ಮನೆಯನ್ನು ಹತ್ತಿ ವ್ಯಾಪಾರಿಗೆ ಮಾರುವುದೇ ಸೈ ಎಂದು ಅವರ ತಮ್ಮ ಹೇಳಿಬಿಟ್ಟಿದ್ದ. ವ್ಯಾಪಾರಿ ಅದನ್ನು ಕೆಡವಿ ಗೋದಾಮು ಕಟ್ಟುವವನಿದ್ದ. ರಸೂಲಬಿ ಹುಟ್ಟಿದ್ದು ಅದೇ ಮನೆಯಲ್ಲಿ.

‘ನೀವಾರ ನಿಲ್ತೀರೇನ್ರಿ ಮಾಸ್ತರ, ಇಲ್ಲಾ ನೀವೂ ಗಂಟು ಕಟ್ಟಾವ್ರೇನು?’ ಎಂದು ಕೀಲಿ ಕೊಡುವಾಗ ಕೇಳಿದರು.

‘ಇಲ್ಲದ್ದಕ್ಕ ಅಂಜಿ ಓಡಾಕ ನನಗೇನ್ ಹುಚ್ಚ ಹಿಡದೈತೇನ್ರಿ ಯವ್ವಾ?’

‘ಹಿಂದಿನಾವ್ರೂ ಹಿಂಗ ಅಂದಿದ್ರಪಾ. ಮಾತು ಭಾಳ ಚೊಲೊ ಇದ್ದುವು.’

ಇಂಥವು ರಾತ್ರಿ ನಡೆಯಬೇಕೆಂಬುದು ವಾಡಿಕೆ. ನನ್ನದು ನಡೆದದ್ದು ಬಿರುಬಿಸಿಲಿನ ಮಧ್ಯಾಹ್ನ. ರಜೆಗೆ ನನ್ನೂರು ಮಸೂತಿಗೆ ಹೊರಟಿದ್ದೆ. ಹಿತ್ತಲ ಬಾಗಿಲಿಗೆ ಅಗಳಿ ಹಾಕಿ, ಚೀಲ ಹಿಡಿದು ಹೊಸ್ತಿಲು ದಾಟುವಾಗ ‘ಬರ್ತೇನಿ’ ಎಂದೆ. ಯಾರಿಗೂ ಹೇಳಿದ್ದಲ್ಲ. ನಮ್ಮ ಕಡೆ ಹೊರಡುವಾಗ ‘ಹೋಗ್ತೇನಿ’ ಎನ್ನುವುದು ಅಪಶಕುನ. ನಾನು ಒಪ್ಪದಿದ್ದರೂ ನಾಲಿಗೆ ಒಪ್ಪಿಬಿಟ್ಟಿದೆ.

‘ಬರಬ್ಯಾಡ್ರಿ’ ಎಂದಿತು ಪಡಸಾಲೆಯೊಳಗಿನಿಂದ ಒಂದು ದನಿ.

ಮುದುಕರ ದನಿ. ಸಿಟ್ಟಿರಲಿಲ್ಲ, ಜೋರಿರಲಿಲ್ಲ. ಕೈಯಲ್ಲಿ ಬೇರೇನೋ ಕೆಲಸ ಇಟ್ಟುಕೊಂಡು ತಲೆಯೆತ್ತದೆ ಆಡಿದ ಹಾಗಿತ್ತು. ನಾನು ಹೆದರಲಿಲ್ಲ ಎಂದರೆ ಸುಳ್ಳು. ಓಡಲಿಲ್ಲ ಎಂಬುದಷ್ಟೇ ನಿಜ. ಒಳಗೆ ಹೋಗಿ ಮೂಲೆ ಮೂಲೆ ನೋಡಿದೆ. ಯಾರೂ ಇರಲಿಲ್ಲ. ಹಿತ್ತಲ ಅಗಳಿ ಹಾಕಿದ ಹಾಗೇ ಇತ್ತು. ಗೋಡೆಗಳು ಮೊಳದಪ್ಪ, ಓಣಿಯಲ್ಲಿ ನಾಯಿಯೂ ಇಲ್ಲ.

ಎದುರು ಬಾಗಿಲಲ್ಲಿ ರಸೂಲಬಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು. ‘ನಿಮಗೂ ಆತಲ್ಲ?’ ಎಂದರು. ಹೌದು ಎಂದರೆ ಅವರ ಮನೆ ಹೋಗುತ್ತದೆ. ಇಲ್ಲ ಎನ್ನಲು ಮುಖ ಬಿಡಲಿಲ್ಲ.

‘ಏನ್ ಅಂತು ಅದನ್ನಾರ ಹೇಳ್ರಿ. ಇಷ್ಟ್ ಮಂದಿ ಬಿಟ್ಟು ಹೋದ್ರು, ನನ್ನ ಮುಂದ ಒಬ್ರೂ ಬಾಯಿ ಬಿಡಲಿಲ್ಲ.’

‘ನಿಮ್ಮ ಮನೆ ನನಗೆ ಬರಬೇಡ ಅಂತು’ ಎಂದು ಮನೆಯೊಡತಿಯ ಎದುರು ಯಾರು ಹೇಳಿಯಾರು? ನಾನು ಹೇಳಿದೆ.

ಮುದುಕಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗತೊಡಗಿದರು. ಕಣ್ಣಲ್ಲಿ ನೀರೂ ಇತ್ತು.

‘ದವಾ ತಗೊಂಡಾವ್ರು “ಬರ್ತೇನ್ರಿ” ಅಂದ್ರ ನಮ್ಮಜ್ಜ ಬಿಡ್ತಿದ್ದಿಲ್ಲ. “ಬರಬ್ಯಾಡ್ರಿ, ಹೋಗ್ತೇನಿ ಅನ್ರಿ” ಅಂತಿದ್ದ. ಹಕೀಮನ ಮನಿಗೆ ಮತ್ತ ಬರೂದಂದ್ರ ಮತ್ತ ಬ್ಯಾನಿ ಬಂದಂಗಲ್ಲೇನು? ಆರಾಮ ಇರ್ರಿ ಅಂದದ್ದಕ್ಕ ಗಂಟು ಕಟ್ಟಿ ಓಡ್ಯಾರ ನೋಡ್ರಿ, ಮಬ್ಬುಗಳು.’

‘ಹಂಗಾರ ವಕೀಲ್ರು ಅಷ್ಟ್ ವರ್ಷ ಹ್ಯಾಂಗ ಇದ್ರು?’

‘ಅವ್ರು ಹೊರಬೀಳಾಗ ಹೇಣ್ತಿಗೂ ಒಂದ್ ಮಾತ್ ಹೇಳ್ತಿದ್ದಿಲ್ಲ.’

ಮಾತಿನ ಅರ್ಥ ಸಿಕ್ಕಿತು. ದನಿ ಯಾರದೆಂಬುದು ಸಿಗಲಿಲ್ಲ. ಹಕೀಮರ ಆ ರೂಢಿ ಮೊದಲೇ ತಿಳಿದಿದ್ದರೆ, ಮನಸ್ಸೇ ಹುಟ್ಟಿಸಿದ ದನಿ ಎಂದು ನನ್ನನ್ನು ನಾನೇ ಸೋಲಿಸುತ್ತಿದ್ದೆ. ಆದರೆ ಕೇಳಿದ್ದು ಮೊದಲು, ತಿಳಿದದ್ದು ಆಮೇಲೆ. ಮತ್ತೊಮ್ಮೆ ‘ಬರ್ತೇನಿ’ ಎಂದು ಪರೀಕ್ಷಿಸಬೇಕಿತ್ತು ಎನ್ನುವಿರಿ. ಬೇರೆಯವರ ಅನುಭವವಾಗಿದ್ದರೆ ನಾನೂ ಹಾಗೇ ಎನ್ನುತ್ತಿದ್ದೆ. ಮುಂದೆ ಅಲ್ಲಿದ್ದಷ್ಟು ದಿನ ವಕೀಲರ ಹಾಗೆ ಬಾಯಿ ಮುಚ್ಚಿಕೊಂಡೇ ಹೊಸ್ತಿಲು ದಾಟಿದೆ.

ರಸೂಲಬಿ ಈ ಸುದ್ದಿಯನ್ನು ಪೇಟೆಗೆಲ್ಲ ಹಂಚಿದರು. ಆರೋಗ್ಯ ಹಾರೈಸುವ ಮನೆ ಯಾರಿಗೆ ಬೇಡ? ಸಿಂದಗಿಗೆ ನನ್ನ ವರ್ಗವಾದಾಗ ನನ್ನ ಜಾಗಕ್ಕೆ ಒಂದು ಸಂಸಾರ ಕಾದು ನಿಂತಿತ್ತು. ರಸೂಲಬಿಯ ತಮ್ಮ ಮತ್ತೆ ಮಾರುವ ಮಾತೆತ್ತಲಿಲ್ಲ.

ಸಾಮಾನೆಲ್ಲ ಚಕ್ಕಡಿಗೆ ಹೇರಿದ ಮೇಲೆ ಕೊನೆಗೆ ಹೊಸ್ತಿಲಲ್ಲಿ ನಿಂತೆ. ‘ಹೋಗ್ತೇನ್ರಿ’ ಎಂದೆ. ಒಳಗಿನಿಂದ ಏನೂ ಬರಲಿಲ್ಲ. ಸರಿಯಾಗಿ ಹೇಳಿದ್ದರಿಂದ ತಿದ್ದುವ ಕಾರಣವಿರಲಿಲ್ಲ ಎಂದು ಒಂದು ಪಕ್ಷ ವಾದಿಸಬಹುದು. ತಿದ್ದಲು ಅಲ್ಲಿ ಯಾರೂ ಇರಲಿಲ್ಲ ಎಂದು ಇನ್ನೊಂದು ಪಕ್ಷ. ಎರಡನ್ನೂ ನಾನು ಚೆನ್ನಾಗಿಯೇ ವಾದಿಸಬಲ್ಲೆ. ಎರಡನೆಯದರ ಪರವಾಗಿ ನಿಂತಾಗ ಮಾತ್ರ ಒಂದು ತೊಡಕು ಬರುತ್ತದೆ: ಖಾಲಿ ಮನೆಗೆ ‘ರಿ’ ಹಚ್ಚಿ ಮಾತಾಡಿದವನು ನಾನೇ.